ಅದೇ ಮುಖ, ಬೇರೆ ಆಸಾಮಿ

ಮೇಷ್ಟ್ರಾದ ಹೊಸತರಲ್ಲಿ ನಾನೊಮ್ಮೆ ಜೂಲಿಯೆಟ್ ಆಗಿದ್ದೆ. ಮಧುಗಿರಿ ಸೀಮೆಯ ಒಂದು ಹಳ್ಳಿ ಹೈಸ್ಕೂಲು, ಒಂಬತ್ತನೇ ಕ್ಲಾಸು, ಮಧ್ಯಾಹ್ನದ ಊಟ ಮುಗಿದ ಮೇಲಿನ ಪೀರಿಯಡ್ಡು. ಮಕ್ಕಳು ತೂಕಡಿಸುತ್ತಿದ್ದವು. ಎಬ್ಬಿಸಬೇಕಲ್ಲ ಎಂದು ಶೇಕ್ಸ್‌ಪಿಯರನ ಕತೆ ತೆಗೆದೆ. ಉಪ್ಪರಿಗೆಗೆ ಬದಲು ಮೇಜು ಹತ್ತಿದೆ. ಹುಬ್ಬಿನ ಮೇಲೆ ಅಂಗೈ ಅಡ್ಡ ಹಿಡಿದು, ಕಿಟಕಿಯಾಚೆಗೆ ಕತ್ತು ಚಾಚಿ, ಕಣ್ಣು ಕಿರಿದು ಮಾಡಿ ರೋಮಿಯೋನನ್ನು ಹುಡುಕಿದೆ. ಜೂಲಿಯೆಟ್ ಅಲ್ಲಿ ‘ವೇರ್‌ಫೋರ್’ ಅನ್ನುತ್ತಾಳೆ. ವೇರ್ ಅಂದರೆ ಎಲ್ಲಿ ಎಂಬುದು ಐದನೇ ಕ್ಲಾಸಿನ ಹುಡುಗನಿಗೂ ಗೊತ್ತು. ಅದಕ್ಕೊಂದು ಬಾಲ ಇದ್ದರೆ ಏನಂತೆ, ಹಳೇ ಕಾಲದವರು, ಬಾಲ ಬಿಟ್ಟುಕೊಂಡಿದ್ದರು ಎಂದುಕೊಂಡೆ. ‘ಎಲ್ಲಿದ್ದೀಯೋ ರೋಮಿಯೋ’ ಎಂದು ಕನ್ನಡದಲ್ಲೂ ಒಮ್ಮೆ ಕೂಗಿದೆ. ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು. ಮುಂದಿನ ಬೆಂಚಿನ ಒಬ್ಬಳೇ ಒಬ್ಬ ಹುಡುಗಿ ಕೈಯೆತ್ತಿದಳು.

“ಸಾ, ಅವ್ನು ಅಲ್ಲೇ ಕೆಳಗೇ ನಿಂತವ್ನೆ ಅಂದ್ರಲ್ಲ ಸಾ. ಮತ್ತೆ ಎಲ್ಲಿ ಅಂತ ಯಾಕ್ ಕೇಳ್ತಾಳೆ?”

“ಕತ್ತಲಲ್ವೇನಮ್ಮ, ಕಾಣಲ್ಲ,” ಎಂದು ಕೂರಿಸಿದೆ.

ಕತ್ತಲು ನನಗೇ ಕವಿದಿತ್ತು ಎಂದು ಗೊತ್ತಾಗಲು ಎಂಟು ವರ್ಷ ಬೇಕಾಯಿತು. ಬೇರೇನನ್ನೋ ಹುಡುಕಲು ತೆರೆದ ಡಿಕ್ಷನರಿಯಲ್ಲಿ ‘ವೇರ್‌ಫೋರ್’ ಕಣ್ಣಿಗೆ ಬಿತ್ತು. ಅರ್ಥ ‘ಎಲ್ಲಿ’ ಅಲ್ಲ, ‘ಯಾಕೆ’. ಜೂಲಿಯೆಟ್ ಯಾರನ್ನೂ ಹುಡುಕುತ್ತಿಲ್ಲ. ಈ ಹುಡುಗ ಯಾಕಾದರೂ ರೋಮಿಯೋ ಆಗಿ ಹುಟ್ಟಿದ, ಹಗೆಯವರ ಮನೆಯ ಹೆಸರನ್ನೇ ಯಾಕೆ ಹೊತ್ತುಕೊಂಡು ಬಂದ ಎಂದು ಕೇಳಿಕೊಳ್ಳುತ್ತಿದ್ದಾಳೆ. ನಾಟಕದ ಗಂಟೆಲ್ಲ ಆ ಒಂದು ‘ಯಾಕೆ’ಯಲ್ಲಿದೆ. ಅಂಥ ಸಂಕಟದ ಹೆಣ್ಣನ್ನು ನಾನು ಜಾತ್ರೆಯಲ್ಲಿ ಗಂಡನನ್ನು ಕಳೆದುಕೊಂಡವಳ ಹಾಗೆ ಮಾಡಿ, ಎಂಟು ಬ್ಯಾಚಿನ ಮಕ್ಕಳ ಕೈಲಿ ಚಪ್ಪಾಳೆ ಹೊಡೆಸಿಕೊಂಡಿದ್ದೆ.

ಅಂದಿನಿಂದ ನನಗೊಂದು ಅನುಮಾನದ ಸ್ವಭಾವ ಹತ್ತಿಕೊಂಡಿತು. ಗೊತ್ತಿಲ್ಲದ ಪದ ಯಾರಿಗೂ ಮೋಸ ಮಾಡುವುದಿಲ್ಲ. ಎದುರಾದರೆ ನಿಲ್ಲುತ್ತೇವೆ, ಡಿಕ್ಷನರಿ ತೆಗೆಯುತ್ತೇವೆ, ಇಲ್ಲವೇ ಮರ್ಯಾದೆಯಿಂದ ದಾಟಿಕೊಂಡು ಹೋಗುತ್ತೇವೆ. ಮೋಸ ಮಾಡುವುದು ಗೊತ್ತಿರುವ ಮುಖ ಹೊತ್ತುಕೊಂಡು ಬರುವ ಪದ. ನೆಂಟನೆಂದು ಒಳಗೆ ಕರೆದು, ಕಾಲಿಗೆ ನೀರು ಕೊಟ್ಟು, ಮಣೆ ಹಾಕಿದ ಮೇಲೆ ಇವನು ಬೇರೆ ಯಾರೋ ಎಂದು ತಿಳಿಯುತ್ತದೆ. ಆ ಹೊತ್ತಿಗೆ ಅವನು ಉಂಡಿರುತ್ತಾನೆ.

ಆಕ್ಸ್‌ಫರ್ಡಿನವರ ದೊಡ್ಡ ನಿಘಂಟು ಇದೆಯಲ್ಲ, 1884ರಲ್ಲಿ ಮೊದಲ ಕಂತು ಬಂದು 1928ರಲ್ಲಿ ಮುಗಿದದ್ದು, ಅದರಲ್ಲಿ ಸತ್ತ ಪದಗಳ ಪಕ್ಕ ಒಂದು ಪುಟ್ಟ ಕಠಾರಿಯ ಗುರುತು ಹಾಕಿದ್ದಾರೆ. ಪದಕ್ಕೆ ಮರಣಪತ್ರ ಅದು. ಪುಸ್ತಕದಲ್ಲೇನೋ ಕಠಾರಿ ಕಾಣುತ್ತದೆ. ಬಳಕೆಯಲ್ಲಿ ಯಾರ ಬೆನ್ನಿಗೆ ಅದು ಚುಚ್ಚಿದೆ ಎಂದು ಹೇಗೆ ಕಾಣಬೇಕು?

ನನಗೆ ಕಂಡದ್ದು ಕನ್ನಡದ ಮೂಲಕ, ಅದೂ ಶಿರಾದ ಒಬ್ಬ ಹುಡುಗನ ಮೂಲಕ. ‘ಹಿದರ್, ದಿದರ್, ವಿದರ್’ ಎಂಬ ಮೂರು ಹಳೇ ಇಂಗ್ಲಿಷ್ ಪದಗಳನ್ನು ಬೋರ್ಡಿನ ಮೇಲೆ ಬರೆದು, ಇವು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಗೊಂದಲ ಮಾಡಿಕೊಳ್ಳಬೇಡಿ ಎಂದು ಹೇಳಿ ನಾನೇ ಗೊಂದಲ ಮಾಡಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, “ಇದು ನಮ್ ಮನೆ ಮಾತು ಸಾ. ಇಧರ್, ಉಧರ್, ಕಿಧರ್,” ಅಂದ. ಎಲ್ಲರೂ ನಕ್ಕರು, ನಾನು ನಗಲಿಲ್ಲ. ಧ್ವನಿ ಹೋಲಿದ್ದು ಆಕಸ್ಮಿಕ ಇರಬಹುದು, ಕಟ್ಟಡ ಮಾತ್ರ ಒಂದೇ. ಹಾಗೇ ಯೋಚಿಸುತ್ತ ನಿಂತವನಿಗೆ ನಮ್ಮ ಸೀಮೆಯ ಮಾತು ತಾನಾಗಿ ಬಾಯಿಗೆ ಬಂತು: ಇತ್ಲಾಗೆ, ಅತ್ಲಾಗೆ, ಎತ್ಲಾಗೆ. ಅಷ್ಟೇ ನೋಡಿ. ಐದು ನಿಮಿಷದಲ್ಲಿ ಇಡೀ ಕ್ಲಾಸಿಗೆ ಹಳೇ ಇಂಗ್ಲಿಷಿನ ಒಂದು ಮೂಲೆ ಬಂದುಬಿಟ್ಟಿತು. ನಮ್ಮ ‘ಇ’ ಇರುವ ಕಡೆ ಅವರದು ‘ಹ’, ನಮ್ಮ ‘ಅ’ ಇರುವ ಕಡೆ ಅವರದು ‘ದ’, ನಮ್ಮ ‘ಎ’ ಇರುವ ಕಡೆ ಅವರದು ‘ವ’. ಹೆನ್ಸ್, ದೆನ್ಸ್, ವೆನ್ಸ್ ಅಂದರೆ ಇಲ್ಲಿಂದ, ಅಲ್ಲಿಂದ, ಎಲ್ಲಿಂದ. ಇಂಗ್ಲಿಷಿನವರು ಈಗ ಇಷ್ಟು ಅಚ್ಚುಕಟ್ಟಾದ ಮನೆ ಬಿಟ್ಟು, ಹಿಂದಕ್ಕೊಂದು ‘ಫ್ರಮ್’, ಮುಂದಕ್ಕೊಂದು ‘ಟು’ ಅಂಟಿಸಿಕೊಂಡು ಬಾಡಿಗೆ ಮನೆಯಲ್ಲಿದ್ದಾರೆ. ಎಮ್ಮೆ ಕಾಯುವ ನಮ್ಮ ಹುಡುಗರು “ಎತ್ಲಾಗ್ ಹೋಯ್ತೋ” ಎಂದು ದಿನಕ್ಕೆ ಹತ್ತು ಸಲ ಕೂಗುತ್ತಾರೆ. ಶೇಕ್ಸ್‌ಪಿಯರನ ವ್ಯಾಕರಣ ಅವರಿಗೆ ಬಂದೇ ಇತ್ತು.

ಹಾಗೆಂದು ಜಂಬ ಪಡುವಂತಿಲ್ಲ. ನಾವೂ ಒಂದು ಕೋಣೆ ಕಳೆದುಕೊಂಡಿದ್ದೇವೆ. ಹಳಗನ್ನಡದಲ್ಲಿ ಅ ಮತ್ತು ಇ ನಡುವೆ ಒಂದು ‘ಉ’ ಇತ್ತು. ಅದು, ಇದು, ಉದು. ಅತ್ತ, ಇತ್ತ, ಉತ್ತ. ತೀರಾ ಹತ್ತಿರವೂ ಅಲ್ಲದ, ತೀರಾ ದೂರವೂ ಅಲ್ಲದ ನಡುವಿನದನ್ನು ತೋರಿಸಲು ಬೇರೆ ಬೆರಳೇ ಇತ್ತು. ಇಂಗ್ಲಿಷಿನಲ್ಲೂ ‘ದಿಸ್’, ‘ದಟ್’ ಜೊತೆಗೆ ‘ಯಾನ್’ ಎಂಬ ಮೂರನೆಯದಿತ್ತು. ಅದು ಆಚೆಯ ಆಚೆಯದನ್ನು ತೋರಿಸುತ್ತಿತ್ತು. ನಮ್ಮವರು ನಡುವಿನದನ್ನು ಬಿಟ್ಟರು, ಅವರು ಆಚೆಯದನ್ನು ಬಿಟ್ಟರು. ಮಧುಗಿರಿ ಬೆಟ್ಟದ ಕೋಟೆಯ ಮೊದಲ ಬಾಗಿಲಲ್ಲಿ ನಿಂತು ಮೇಲಿನ ಬಾಗಿಲನ್ನೂ ನೆತ್ತಿಯನ್ನೂ ಒಟ್ಟಿಗೇ ನೋಡುವಾಗ ಆ ‘ಉ’ ಇದ್ದಿದ್ದರೆ ಎಂದು ನನಗೆ ಅನ್ನಿಸುವುದುಂಟು. ಏದುಸಿರಿನಲ್ಲಿ ವ್ಯಾಕರಣ ನೆನೆಯುವವನು ಇಂಗ್ಲಿಷ್ ಮೇಷ್ಟ್ರೊಬ್ಬನೇ ಇರಬೇಕು.

ಎಲ್ಲಕ್ಕಿಂತ ಮಜಾ ಕೊಟ್ಟದ್ದು ‘ದೌ’. ಅದನ್ನು ನಮ್ಮ ಮಕ್ಕಳು ಸ್ಪೆಲ್ಲಿಂಗ್ ನೋಡಿ ‘ತೌ’ ಎಂದು ಓದುತ್ತಿದ್ದರು. ಓದಿ, ‘ತಾವು’ ಎಂದು ಅರ್ಥ ಮಾಡಿಕೊಳ್ಳುತ್ತಿದ್ದರು. ಪ್ರಾರ್ಥನೆಯಲ್ಲಿ ದೇವರಿಗೆ ಹೇಳುವ ಮಾತು, ಪದ್ಯದಲ್ಲಿ ಗಂಭೀರವಾಗಿ ಬರುವ ಮಾತು. ಮರ್ಯಾದೆಯದೇ ಇರಬೇಕು ಎಂಬುದು ನ್ಯಾಯವಾದ ಊಹೆ. ಈಗಿನ ಇಂಗ್ಲಿಷಿನವರಲ್ಲೂ ಬಹಳ ಜನ ಹಾಗೇ ತಿಳಿದಿದ್ದಾರೆ. ನಿಜ ಅದರ ತಲೆಕೆಳಗು. ‘ದೌ’ ಅಂದರೆ ‘ನೀನು’, ‘ಯೀ’ ಮತ್ತು ‘ಯು’ ಅಂದರೆ ‘ನೀವು’. ಮರ್ಯಾದೆ ಹೆಚ್ಚಾಗಿ ಹೆಚ್ಚಾಗಿ ಎಲ್ಲರಿಗೂ ‘ಯು’ ಅನ್ನುತ್ತ ಬಂದು, ಇಂಗ್ಲಿಷಿನವರು ತಮ್ಮ ಏಕವಚನವನ್ನೇ ಕಳೆದುಕೊಂಡರು. ನಾಯಿಗೂ ‘ನೀವು’, ರಾಣಿಗೂ ‘ನೀವು’. ಹೀಗಾಗಿ ಬೈಬಲ್ಲಿನಲ್ಲಿ ಉಳಿದುಕೊಂಡ ‘ನೀನು’ ದೇವರ ಗುಡಿಯ ಗಂಧ ಹತ್ತಿಸಿಕೊಂಡು ದೊಡ್ಡಮನುಷ್ಯನಾಯಿತು.

ಇಂಗ್ಲಿಷ್ ಹುಡುಗನಿಗೆ ಇದನ್ನು ವಿವರಿಸಲು ಪ್ರೊಫೆಸರು ಒಂದು ಗಂಟೆ ತೆಗೆದುಕೊಳ್ಳಬೇಕು. ನಮ್ಮಲ್ಲಿ ಪೇಪರ್ ಓದುವ ಯಾರಿಗಾದರೂ ‘ಏಕವಚನ ಪ್ರಯೋಗ’ ಎಂದರೆ ಸಾಕು. ಗ್ರಾಮ ಪಂಚಾಯ್ತಿಯಿಂದ ವಿಧಾನಸಭೆಯವರೆಗೆ ಎಷ್ಟು ಸಭೆಗಳು ಆ ಒಂದು ಕಾರಣಕ್ಕೆ ನಿಂತಿಲ್ಲ! 1603ರಲ್ಲಿ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ, ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ಸಿಟ್ಟು ನೆತ್ತಿಗೇರಿ ಅವನನ್ನು ‘ದೌ’ ಎಂದ. ಬರೀ ಎನ್ನಲಿಲ್ಲ, ನಿನ್ನನ್ನು ನಾನು ಏಕವಚನದಲ್ಲೇ ಕರೆಯುತ್ತೇನೆ ಎಂದು ಹೇಳಿಯೇ ಕರೆದ. ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ಸರ್ ಟೋಬಿ ತನ್ನ ಪೆದ್ದ ಗೆಳೆಯನಿಗೆ ಜಗಳದ ಕಾಗದ ಬರೆಯುವುದು ಹೇಗೆಂದು ಹೇಳಿಕೊಡುತ್ತ, ಎದುರಾಳಿಗೆ ಒಂದು ಮೂರು ಸಲವಾದರೂ ‘ದೌ’ ಅನ್ನು ಎಂದು ಸಲಹೆ ಕೊಡುತ್ತಾನೆ. ಇದನ್ನು ಹೇಳಿದಾಗ ನನ್ನ ಕ್ಲಾಸಿನಲ್ಲಿ ಒಬ್ಬನಿಗೂ ವಿವರಣೆ ಬೇಕಾಗಲಿಲ್ಲ. ಹಿಂದಿನ ವಾರವಷ್ಟೇ ಕೋಲಾಟದ ಪದ ಹೇಳುವ ವಿಚಾರಕ್ಕೆ ಊರಲ್ಲಿ ಇಬ್ಬರು ‘ಯಾವನಿಗೋ ನೀನು ಅಂತೀಯ’ ಎಂದು ಕೈಕೈ ಮಿಲಾಯಿಸಿದ್ದರು.

ಆದರೆ ನಮ್ಮಲ್ಲಿ ಅಮ್ಮನಿಗೂ ‘ನೀನು’, ಅಜ್ಜಿಗೂ ‘ನೀನು’, ದಂಡಿನ ಮಾರಮ್ಮನಿಗೂ ‘ನೀನು’. ಗುಡಿಯ ಮುಂದೆ ನಿಂತು ‘ತಾವು ದಯಮಾಡಿ ಮಳೆ ಕರುಣಿಸಬೇಕು’ ಎಂದವರನ್ನು ನಾನು ಕಂಡಿಲ್ಲ. “ಎಲ್ ಹೋಗಿದ್ದೀಯವ್ವಾ, ಕಣ್ ಬಿಡು” ಅನ್ನುತ್ತಾರೆ. ಹಳೇ ಇಂಗ್ಲಿಷಿನವನೂ ದೇವರನ್ನು ‘ದೌ’ ಅಂದದ್ದು ಅದೇ ಸಲಿಗೆಯಿಂದ.

‘ಯೀ’ ಎಂದೆನಲ್ಲ, ಅದಕ್ಕೂ ಒಬ್ಬ ಕಳ್ಳ ಅವಳಿಯಿದ್ದಾನೆ. ಇಂಗ್ಲೆಂಡಿನ ಪ್ರವಾಸಿ ಊರುಗಳಲ್ಲಿ ಹಳತನದ ಕಳೆ ಬರಲೆಂದು ಅಂಗಡಿ ಬೋರ್ಡಿನಲ್ಲಿ ‘ಯೀ ಓಲ್ಡ್’ ಎಂದು ಬರೆಸುತ್ತಾರೆ. ಆ ‘ಯೀ’ಗೂ ‘ನೀವು’ಗೂ ಸಂಬಂಧವಿಲ್ಲ. ಅದು ನಮ್ಮೆಲ್ಲರಿಗೂ ಪರಿಚಯದ ‘ದ’. ಹಳೇ ಇಂಗ್ಲಿಷಿನಲ್ಲಿ ‘ದ’ ಧ್ವನಿಗೆ ‘ಥಾರ್ನ್’ ಎಂಬ ಬೇರೆ ಅಕ್ಷರವೇ ಇತ್ತು. ಬರೆಯುತ್ತ ಬರೆಯುತ್ತ ಅದರ ಆಕಾರ ‘ವೈ’ ಅಕ್ಷರದ ಹಾಗಾಯಿತು. 1476ರಲ್ಲಿ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಹೂಡಿದ; ಯೂರೋಪಿನ ನೆಲದಿಂದ ಬಂದ ಅಚ್ಚಿನ ಮೊಳೆಗಳಲ್ಲಿ ಥಾರ್ನ್ ಇರಲಿಲ್ಲ. ಮೊಳೆ ಜೋಡಿಸುವವರು ‘ವೈ’ ಹಾಕಿ ಕೆಲಸ ಸಾಗಿಸಿದರು. ಓದುವವರು ಆಗಲೂ ‘ದ’ ಎಂದೇ ಓದಿಕೊಳ್ಳುತ್ತಿದ್ದರು. ಅಕ್ಷರ ಮರೆತುಹೋದ ಮೇಲೆ ಬಂದವರು ಕಂಡದ್ದನ್ನು ಕಂಡ ಹಾಗೆ ‘ಯೀ’ ಎಂದರು. ಯಾರ ನಾಲಗೆಯ ಮೇಲೂ ಹಾಗೆ ಇಲ್ಲದಿದ್ದ ಒಂದು ಪುರಾತನ ಪದ ಹುಟ್ಟಿದ್ದು ಹೀಗೆ.

ಇಂಗ್ಲಿಷಿನವರ ಈ ಎಡವಟ್ಟಿಗೆ ನಗುತ್ತಿದ್ದವನಿಗೆ ನಮ್ಮ ‘ೞ’ ಗತಿ ತಿಳಿದು ನಗು ನಿಂತಿತು. ಹಳಗನ್ನಡದಲ್ಲಿ ಎರಡು ಬಗೆಯ ರ, ಎರಡು ಬಗೆಯ ಳ ಇದ್ದವು. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಕರೆ ಎಂದರೆ ಕೂಗು, ಕಱೆ ಎಂದರೆ ಹಾಲು ಹಿಂಡು. ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ. 13ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ೞಕಾರದ ಪದಗಳನ್ನು ಪಟ್ಟಿ ಮಾಡಿ ಇಟ್ಟಿದ್ದಾನೆ. ಜನರ ಬಾಯಲ್ಲಿ ಗಟ್ಟಿಯಾಗಿ ನಿಂತಿರುವ ಅಕ್ಷರಕ್ಕೆ ಯಾರೂ ಪಟ್ಟಿ ಮಾಡುವುದಿಲ್ಲ. ಎರಡಕ್ಷರಗಳು ಹೋದವು, ಬದುಕೂ ಕತ್ತಿಯೂ ಒಂದೇ ಮುಖದವಾದವು. “ಹಸು ಕರಿ” ಎಂದರೆ ಕೂಗಬೇಕೋ ಚೊಂಬು ಹಿಡಿದು ಕೂರಬೇಕೋ ಎಂದು ಹೊತ್ತು ನೋಡಿ ತಿಳಿದುಕೊಳ್ಳಬೇಕು. ಇನ್ನು ಕಂಪ್ಯೂಟರಿನವರು ಜಗತ್ತಿನ ಅಕ್ಷರಗಳಿಗೆಲ್ಲ ಹೆಸರಿಟ್ಟು ಯೂನಿಕೋಡ್ ಪಟ್ಟಿ ಮಾಡಿದರಲ್ಲ, ಅದರಲ್ಲಿ ನಮ್ಮ ಪಾಪದ ‘ೞ’ ಅಕ್ಷರಕ್ಕೆ ಇಟ್ಟ ಹೆಸರು ‘ಕನ್ನಡ ಲೆಟರ್ ಫಾ’. ಫಾ! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದು ಎಂಬುದು ಅವರ ನಿಯಮ. ಹೀಗಾಗಿ ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಬರೆದು, ತಪ್ಪು ಹೆಸರನ್ನೇ ಖಾಯಂ ಮಾಡಿದ್ದಾರೆ. ಮಾರ್ಕ್ಸ್ ಕಾರ್ಡಿನಲ್ಲಿ ತಂದೆಯ ಹೆಸರು ತಪ್ಪಾದ ನಮ್ಮ ಹುಡುಗರಿಗೆ ಈ ಸಂಕಟ ಹೊಸದಲ್ಲ.

ಈ ಎಲ್ಲದರ ನಡುವೆ ನನ್ನ ಅಚ್ಚುಮೆಚ್ಚಿನ ಮೋಸಗಾರ ‘ಲೆಟ್’. ಲೆಟ್ ಅಂದರೆ ಬಿಡು, ಅವಕಾಶ ಕೊಡು. ಹಳೇ ಇಂಗ್ಲಿಷಿನಲ್ಲಿ ಅದೇ ಮುಖದ ಇನ್ನೊಬ್ಬನಿದ್ದ. ಅವನ ಅರ್ಥ ತಡೆ, ಅಡ್ಡಿ ಮಾಡು. ಒಂದು ಬಾಗಿಲು ತೆರೆಯುವುದು, ಇನ್ನೊಂದು ಬಾಗಿಲು ಹಾಕುವುದು, ಎರಡಕ್ಕೂ ಒಂದೇ ಹೆಸರು. ಮೂಲದಲ್ಲಿ ಬೇರೆ ಬೇರೆ ಉಚ್ಚಾರದ ಎರಡು ಪದಗಳು, ಸವೆದು ಸವೆದು ಒಂದೇ ಆದವು. ಹ್ಯಾಮ್ಲೆಟ್ ತಂದೆಯ ಭೂತದ ಹಿಂದೆ ಹೊರಟಾಗ ಗೆಳೆಯರು ಹಿಡಿದುಕೊಳ್ಳುತ್ತಾರೆ. ನನ್ನನ್ನು ‘ಲೆಟ್’ ಮಾಡಿದವನನ್ನೇ ಭೂತ ಮಾಡುತ್ತೇನೆ ಎಂದು ಅವನು ಗುಡುಗುತ್ತಾನೆ. ಬಿಟ್ಟವನನ್ನು ಯಾಕಪ್ಪ ಕೊಲ್ಲುತ್ತಾನೆ ಎಂದು ಕಾಲೇಜಿನಲ್ಲಿ ನಾನು ತಲೆ ಕೆರೆದುಕೊಂಡಿದ್ದೆ. ಟೆನ್ನಿಸ್‌ನಲ್ಲಿ ಸರ್ವೀಸು ನೆಟ್ಟಿಗೆ ತಾಗಿ ಆಚೆ ಬಿದ್ದರೆ ‘ಲೆಟ್’ ಅನ್ನುತ್ತಾರಲ್ಲ, ಅದು ಈ ಅಡ್ಡಿಯ ಲೆಟ್. ಬಾಡಿಗೆಗೆ ಬಿಡುವ ‘ಟು ಲೆಟ್’ ಬೋರ್ಡು ಬಿಡುವ ಲೆಟ್. ಅದರ ನಡುವೆ ‘ಐ’ ಗೀಚಿ ಮನೆಯನ್ನೇ ಪಾಯಖಾನೆ ಮಾಡುವ ಪುಂಡರು ಎಲ್ಲ ಊರಿನಲ್ಲೂ ಇದ್ದಾರೆ.

ಕೊರಟಗೆರೆ ಕಡೆಯ ನನ್ನ ಹಳೇ ಶಿಷ್ಯನೊಬ್ಬ ಅಮೆರಿಕಕ್ಕೆ ಹೊರಟಾಗ ಆಶೀರ್ವಾದಕ್ಕೆ ಬಂದ. ಹೊಸ ಪಾಸ್‌ಪೋರ್ಟು ತೋರಿಸಿದ. ನಾನು ಕನ್ನಡಕ ಹಾಕಿಕೊಂಡು, ಅವನ ಫೋಟೋ ಬಿಟ್ಟು, ರಾಷ್ಟ್ರಪತಿಗಳ ಹೆಸರಿನಲ್ಲಿ ಅಚ್ಚಾಗಿರುವ ಕೋರಿಕೆ ಓದಿದೆ. ಇದನ್ನು ಹಿಡಿದವನನ್ನು ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಓಡಾಡಲು ಬಿಡಿ ಎಂದಿದೆ. ಏನೋ ಇದರ ಅರ್ಥ ಎಂದೆ. ಹುಡುಗ ಬಿಳುಚಿಕೊಂಡ. “ವಿದೌಟ್ ಲೆಟ್ ಅಂದ್ರೆ... ಒಳಗೆ ಬಿಡದೆ ಅಂತಾನಾ ಸಾರ್?” ವೀಸಾ ಸಂದರ್ಶನದಲ್ಲೂ ಅವನು ಅಷ್ಟು ಹೆದರಿರಲಿಲ್ಲವಂತೆ. ಕಠಾರಿ ಹಾಕಿ ಹೂಳಿದ ಪದ ಭಾರತದ ಪ್ರತಿಯೊಂದು ಪಾಸ್‌ಪೋರ್ಟಿನಲ್ಲಿ ಕೂತು, ತಾನು ವಿಮಾನ ಹತ್ತಿ ಗಡಿ ದಾಟಿ ಬರುತ್ತಿದೆ.

ಕಾಗದಪತ್ರಗಳೇ ಹಾಗೆ. ಸತ್ತ ಪದಗಳಿಗೆ ಅಲ್ಲಿ ಪಿಂಚಣಿ ಇದೆ. ಇದನ್ನು ನಾನು ಇಂಗ್ಲಿಷಿಗಿಂತ ಮೊದಲು ದೊಡ್ಡಪ್ಪನ ಟ್ರಂಕಿನಲ್ಲಿ ಕಲಿಯಬೇಕಿತ್ತು. ದೊಡ್ಡಪ್ಪ ಶಾನುಭೋಗರಾಗಿದ್ದವರು. 1961ರ ಕಾಯ್ದೆ ಬಂದು ಶಾನುಭೋಗಿಕೆ ಪಟೇಲಿಕೆಗಳು ರದ್ದಾದ ಮೇಲೂ ಟ್ರಂಕಿನ ಬೀಗದ ಕೈ ಜನಿವಾರದಲ್ಲೇ ಇತ್ತು. ಅದರೊಳಗಿನ ಕನ್ನಡ ಅರ್ಧ ಪಾರ್ಸಿ. 1687ರಲ್ಲಿ ಮೊಗಲರು ಶಿರಾವನ್ನು ಸುಬಾದ ರಾಜಧಾನಿ ಮಾಡಿಕೊಂಡರು. ಪೆನುಕೊಂಡೆಯಿಂದ ಕೋಲಾರದವರೆಗೆ, ದೊಡ್ಡಬಳ್ಳಾಪುರ, ಹೊಸಕೋಟೆ ಸೇರಿ ಏಳು ಪರಗಣೆಗಳ ಲೆಕ್ಕ ಅಲ್ಲಿಗೆ ಬರುತ್ತಿತ್ತು. 1757ರಲ್ಲಿ ಮರಾಠರು ಬರುವ ತನಕ, ಎಪ್ಪತ್ತು ವರ್ಷ. ಅದಕ್ಕೂ ಮೊದಲು ಬಿಜಾಪುರದವರು, ಆಮೇಲೆ ಹೈದರ್, ಟಿಪ್ಪು. ಸುಬೇದಾರರು ಗೋರಿ ಸೇರಿದರು, ಅರಮನೆ ತೋಟ ಹಾಳುಬಿದ್ದವು, ಲೆಕ್ಕದ ಪದಗಳು ಮಾತ್ರ ನಮ್ಮ ಪಹಣಿಯೊಳಗೆ ಕೂತುಬಿಟ್ಟವು.

ಅಲ್ಲಿಯೂ ಅದೇ ಮುಖದಾಟ. ನಮ್ಮ ಹೊಲಕ್ಕೆ ‘ಖುಷ್ಕಿ’ ಎಂದು ಬರೆದಿದೆ. ಮೊಮ್ಮಗ ಅದನ್ನು ‘ಖುಷಿ’ ಎಂದು ಓದಿದ. ಪಾರ್ಸಿಯಲ್ಲಿ ಖುಷ್ಕ್ ಎಂದರೆ ಒಣಗಿದ್ದು. ಖುಷ್ಕಿ ಎಂದರೆ ಮಳೆ ನಂಬಿದ ಹೊಲ. ಕಡಲೆಕಾಯಿ ಬಿತ್ತಿ ಮುಗಿಲು ನೋಡಿದ ನಮ್ಮಪ್ಪನಿಗೆ ಆ ಖುಷ್ಕಿ ಖುಷಿ ಕೊಟ್ಟ ವರ್ಷಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ನೀರಾವರಿಯ ಗದ್ದೆಗೆ ‘ತರಿ’. ಅದೂ ಪಾರ್ಸಿ, ಒದ್ದೆ ಎಂದರ್ಥ. ಹೆಂಡತಿಯ ಲೆಕ್ಕದಲ್ಲಿ ತರಿ ಎಂದರೆ ಉಪ್ಪಿಟ್ಟಿಗೆ ಒಡೆಸಿದ ಗೋಧಿ. ಜಮೀನು ಎಂದರೆ ನೆಲ, ಜಾಮೀನು ಎಂದರೆ ಹೊಣೆ. ಒಂದು ಪಾರ್ಸಿ, ಒಂದು ಅರಬ್ಬಿ, ನಡುವೆ ಒಂದೇ ದೀರ್ಘ. ನಮ್ಮ ನೆಂಟರೊಬ್ಬರು ಷಡ್ಡಕನ ಸಾಲಕ್ಕೆ ಜಾಮೀನು ನಿಂತರು. ಆ ದೀರ್ಘ ಅವರ ಜಮೀನನ್ನು ನುಂಗಿತು.

ಬೆಂಗಳೂರಿನಲ್ಲಿ ಓದುವ ಅದೇ ಮೊಮ್ಮಗ ಪಹಣಿಯಲ್ಲಿ ನನ್ನ ಹೆಸರಿನ ಮುಂದೆ ‘ಬಿನ್’ ನೋಡಿ, ಅದರ ಮುಂದೆ ನನ್ನ ತಂದೆಯ ಹೆಸರು ನೋಡಿ, “ತಾತಾ, ಮುತ್ತಾತನ್ನ ಯಾಕೆ ಡಸ್ಟ್‌ಬಿನ್ ಅಂತ ಬರ್ದಿದ್ದಾರೆ?” ಎಂದು ನಿಜವಾಗಿ ನೊಂದುಕೊಂಡು ಕೇಳಿದ. ಅರಬ್ಬಿಯಲ್ಲಿ ಬಿನ್ ಎಂದರೆ ಮಗ ಎಂದು ಹೇಳಿ ಸಮಾಧಾನ ಮಾಡಿದೆ. ಆ ಟ್ರಂಕಿನಲ್ಲಿ ನನಗೆ ಸಿಕ್ಕ ಬಲು ಚೆಂದದ ಪದ ‘ಬೇಚಿರಾಕ್’. ಜನ ಬಿಟ್ಟುಹೋದ ಊರಿಗೆ ರೆವಿನ್ಯೂದವರು ಇಟ್ಟ ಹೆಸರು. ಚಿರಾಗ್ ಎಂದರೆ ದೀಪ, ಬೇಚಿರಾಗ್ ಎಂದರೆ ದೀಪವಿಲ್ಲದ್ದು. ಕಂದಾಯ ಕಟ್ಟಲು ಯಾರೂ ಇಲ್ಲದ ಊರನ್ನು ಲೆಕ್ಕದ ಗುಮಾಸ್ತನೊಬ್ಬ ‘ದೀಪವಿಲ್ಲದ ಊರು’ ಎಂದು ಬರೆದುಕೊಂಡ. ಅವನು ಕವಿಯೇ ಸರಿ.

ಊರ ಹೆಸರುಗಳಿಗೂ ಈ ಚಾಳಿ ಇದೆ. ಹಳೇ ದಾಖಲೆಗಳಲ್ಲಿ ಮಧುಗಿರಿ ‘ಮದ್ದಗಿರಿ’. ಕೋಟೆಯ ಊರಾದ್ದರಿಂದ ಮದ್ದು ಗುಂಡು ನೆನೆಸಿಕೊಳ್ಳುವವರುಂಟು, ಗಿಡಮೂಲಿಕೆಯ ಮದ್ದು ನೆನೆಸಿಕೊಳ್ಳುವವರೂ ಉಂಟು. ಬೆಟ್ಟದ ಜೇನುಗಳು ಎರಡನ್ನೂ ಕೇಳಿಸಿಕೊಳ್ಳದೆ ಗೂಡು ಕಟ್ಟಿಕೊಂಡಿವೆ. ಪಾವಗಡದ್ದು ಇನ್ನೂ ಸೊಗಸು. ನಮ್ಮ ‘ಪ’ಗಳೆಲ್ಲ ‘ಹ’ ಆಗುತ್ತಿದ್ದ ಕಾಲದಲ್ಲಿ ಪಾಲು ಹಾಲಾಯಿತು, ಪೂ ಹೂವಾಯಿತು, ಪಾವು ಹಾವಾಯಿತು. ಗಡಿಯ ಬೆಟ್ಟ ಮಾತ್ರ ಪಾವಗಡವಾಗಿಯೇ ಉಳಿಯಿತು. ಸುತ್ತಲಿನ ತೆಲುಗಿನವರು ಪಾಮು ಪಾಮು ಎನ್ನುತ್ತಿದ್ದುದು ಅದಕ್ಕೆ ಧೈರ್ಯ ಕೊಟ್ಟಿರಬೇಕು. ಅಷ್ಟರಲ್ಲಿ ಉತ್ತರದಿಂದ ಇನ್ನೊಂದು ‘ಪಾವು’ ಬಂದು ಸತ್ತವನ ಮುಖ ಹಾಕಿಕೊಂಡಿತು: ಸೇರಿನಲ್ಲಿ ಕಾಲು ಭಾಗ. ಕಿಲೋಗ್ರಾಮು ಬಂದು ಅದನ್ನೂ ಅಂಗಡಿಯಿಂದ ಓಡಿಸಿದೆ. ನಮ್ಮ ಮನೆಯಲ್ಲಿ ಅಕ್ಕಿ ಅಳೆಯುವುದು ಇನ್ನೂ ಹಿತ್ತಾಳೆಯ ಪಾವಿನಲ್ಲೇ. ಹಾವಿನ ಪಾವು ಊರ ಬೋರ್ಡಿನಲ್ಲಿ, ಅಳತೆಯ ಪಾವು ಅಕ್ಕಿ ಡಬ್ಬಿಯಲ್ಲಿ ಬದುಕಿಕೊಂಡಿವೆ.

ನಮ್ಮಜ್ಜಿಯ ಒಂದು ಕತೆ ಹೇಳದಿದ್ದರೆ ಆಗುವುದಿಲ್ಲ. ತುಮಕೂರಿನ ಒಂದು ಮಿಠಾಯಿ ಅಂ‌ಗಡಿಯ ಮೇಲೆ ‘ಸ್ವೀಟ್‌ಮೀಟ್ ಸ್ಟಾಲ್’ ಎಂದಿತ್ತು. ಸ್ಕೂಲಿಗೆ ಹೋಗುವ ನನ್ನಿಂದ ಅದನ್ನು ಓದಿಸಿ, ಮೀಟ್ ಎಂದರೇನು ಎಂದು ಕೇಳಿದಳು. ಹೇಳಿದೆ. ಕೈಯಲ್ಲಿದ್ದ ಮೈಸೂರುಪಾಕನ್ನು ಅಲ್ಲೇ ನನ್ನ ಕೈಗೆ ಹಾಕಿ, ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡಳು. ಹಳೇ ಇಂಗ್ಲಿಷಿನಲ್ಲಿ ಮೀಟ್ ಎಂದರೆ ತಿನ್ನುವುದು ಏನಿದ್ದರೂ ಸೈ, ಅನ್ನವೂ ಮೀಟೇ. 1611ರ ಬೈಬಲ್ಲಿನಲ್ಲಿ ಧಾನ್ಯದ ನೈವೇದ್ಯವನ್ನೂ ಮೀಟ್ ಎಂದೇ ಕರೆದಿದ್ದಾರೆ. ಇದು ನನಗೆ ತಿಳಿಯುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಹಾಗೆಯೇ ‘ಡಿಯರ್’ ಒಂದು ಕಾಲಕ್ಕೆ ಯಾವ ಪ್ರಾಣಿಯಾದರೂ ಆಗಿತ್ತು, ಆಮೇಲೆ ಬರೀ ಜಿಂಕೆಯಾಯಿತು. ಇದನ್ನು ಓದಿ ಆಶ್ಚರ್ಯಪಟ್ಟ ಸಂಜೆಯೇ ನೆನಪಾಯಿತು: ನಮ್ಮ ‘ಮೃಗನಯನಿ’ಯಲ್ಲಿ ಜಿಂಕೆಯಿದೆ, ‘ಮೃಗಾಲಯ’ದಲ್ಲಿ ಹುಲಿ ಕರಡಿ ಎಲ್ಲ ಇವೆ. ಆಶ್ಚರ್ಯಪಡುವ ಮೊದಲು ಮನೆಯೊಳಗೆ ಒಮ್ಮೆ ತಿರುಗಿ ಬರಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ.

ಹೇಳಿದವರು ಒಬ್ಬರಿದ್ದರು, ಕಾಗದದ ಮೇಲೆ. ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣವನ್ನು ನಾನು ವಾರವಾರ ಕತ್ತರಿಸಿ ಅಂಟಿಸಿಟ್ಟುಕೊಳ್ಳುತ್ತಿದ್ದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದುಡಿದ, ಎರವಲು ಪದಗಳಿಗೂ ಕ್ಲಿಷ್ಟ ಪದಗಳಿಗೂ ಬೇರೆಬೇರೆ ಕೋಶ ಕಟ್ಟಿದ ಜಿ. ವೆಂಕಟಸುಬ್ಬಯ್ಯನವರು 107 ವರ್ಷ ಬದುಕಿ 2021ರಲ್ಲಿ ತೀರಿಕೊಂಡರು. ತಂದೆಗೆ ವರ್ಗವಾದ ಕಡೆಯೆಲ್ಲ ಓದಿದ ಆ ಹುಡುಗನ ಸ್ಕೂಲು ದಿನಗಳಲ್ಲಿ ಒಂದಿಷ್ಟು ನಮ್ಮ ಮಧುಗಿರಿಯಲ್ಲೇ ಕಳೆದವು. ಇದು ತಿಳಿದ ದಿನ ನಾನು ಪೇಟೆ ಬೀದಿಯಲ್ಲಿ ನಡೆಯುವಾಗ ಸ್ವಲ್ಪ ನೆಟ್ಟಗೆ ನಡೆದೆ.

ಹೋದ ಮಾಘದಲ್ಲಿ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ತಲೆಯಲ್ಲಿ ಅಲ್ಲಲ್ಲಿ ಬಿಳಿಗೂದಲು ಬಂದಿದ್ದ ಹೆಂಗಸೊಬ್ಬರು ಹತ್ತಿರ ಬಂದು, “ನಮಸ್ಕಾರ ಸಾ, ಗುರ್ತು ಸಿಕ್ತಾ?” ಅಂದರು. ಸಿಗಲಿಲ್ಲ. “ಮುಂದಿನ ಬೆಂಚು ಸಾ. ರೋಮಿಯೋ ಕೆಳಗೇ ನಿಂತವ್ನಲ್ಲ ಅಂತ ಕೇಳಿದ್ದೆ.” ಪಾವಗಡದ ಕಡೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆಗಿದ್ದಾಳಂತೆ. ನನಗೆ ಹೆಮ್ಮೆ ಉಕ್ಕಿತು. ಅಷ್ಟರಲ್ಲಿ ಅವಳು ಹುಬ್ಬಿನ ಮೇಲೆ ಅಂಗೈ ಅಡ್ಡ ಹಿಡಿದು, ಕತ್ತು ಚಾಚಿ, ನಗುತ್ತ ಅಂದಳು: “ನಾನೂ ಪ್ರತಿವರ್ಷ ನಿಮ್ಮ ಹಾಗೇ ಮಾಡಿ ತೋರಿಸ್ತೀನಿ ಸಾ. ಮಕ್ಳು ಚಪ್ಪಾಳೆ ಹೊಡೀತವೆ.”

ನಾನು ಬಾಯಿ ತೆರೆಯುವಷ್ಟರಲ್ಲಿ ಮಿಡಿಗೇಶಿ ಮೇಲೆ ಹೋಗುವ ಪಾವಗಡದ ಬಸ್ಸು ಬಂತು. ಜನ ನುಗ್ಗಿದರು. ಅವಳು ಬ್ಯಾಗು ಎದೆಗವುಚಿಕೊಂಡು ಹತ್ತಿಬಿಟ್ಟಳು. ಕಿಟಕಿಯಲ್ಲಿ ಮುಖ ಕಂಡಿತು. ಬಸ್ಸು ಹೊರಡುತ್ತಿತ್ತು. ನಾನು ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿ, ಇದ್ದ ಗಂಟಲೆಲ್ಲ ಹಾಕಿ ಕೂಗಿದೆ: “ಎಲ್ಲಿ ಅಲ್ಲ ಕಣಮ್ಮಾ, ಯಾಕೆ! ಯಾಕೆ!”

ಅವಳು ಕಿಟಕಿಯಿಂದ ಕೈಬೀಸುತ್ತ ಕೂಗಿದಳು: “ನಾಳೆ ಮಕ್ಳಿಗೆ ಟೆಸ್ಟ್ ಐತೆ ಸಾ, ಅದುಕ್ಕೇ ಹೊರಟೆ!”